ಕೆಂಪಾಗಿಯೇ ಉಳಿದ ಕಾಗದ

ಫೆಬ್ರವರಿ 3, ಸೋಮವಾರ

ಇವರು ಇವತ್ತು ಒಂದೇ ಊರುಗೋಲಿನಲ್ಲಿ ಅಡುಗೆಮನೆಯವರೆಗೆ ನಡೆದು ಬಂದರು. ಗೋದಾಮಿನ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಇದೇ ಮೊದಲು. ನಾನು ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. "ಸಾಕು ಮಾರಾಯ್ತಿ, ಸರ್ಕಸ್ಸಿಗೆ ಟಿಕೆಟ್ ತಗೊಂಡ ಹಾಗೆ ಮಾಡ್ಬೇಡ," ಎಂದರು.

ಆದರೆ ಆ ಕಾಲನ್ನು ನೋಡಿದರೆ ಖುಷಿ ಅರ್ಧವಾಗುತ್ತದೆ. ಪ್ಯಾಂಟಿನ ಆ ಭಾಗ ಇನ್ನೂ ಹಗ್ಗದ ಮೇಲೆ ಒಣಹಾಕಿದಂತೆ ಜೋಲುತ್ತದೆ. ವ್ಯಾಯಾಮ ಮಾಡಿಸಲು ಬರುವಾಕೆ ಇವತ್ತೂ ಟೇಪು ಹಿಡಿದು ಅಳೆದು ತುಟಿ ಸೊಟ್ಟ ಮಾಡಿದಳು. "ಮಾಂಸ ತುಂಬ್ತಾನೇ ಇಲ್ವಲ್ಲ ಮೇಡಂ. ಪುಡಿ ತಪ್ಪದೆ ಕೊಡ್ತಿದ್ದೀರಾ?" ಒಂದು ದಿನವೂ ತಪ್ಪಿಸಿಲ್ಲ ಎಂದೆ. ಅದು ನಿಜ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾಂಸ ತುಂಬಿಸುವ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಪುಡಿಯನ್ನು ಎರಡು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಸ್ಟೀಲಿನ ಲೋಟಕ್ಕೆ ತಟ್ಟೆ ಮುಚ್ಚಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೇ ಹೋಗುತ್ತೇನೆ. ಸಂಜೆ ಬಂದಾಗ ಲೋಟ ತೊಳೆದು ಬೋರಲು ಹಾಕಿರುತ್ತದೆ. ಕುಂಟುತ್ತಾ ಹೋಗಿ ತಾವೇ ತೊಳೆಯುತ್ತಾರೆ. ಬೇಡವೆಂದರೂ ಕೇಳುವುದಿಲ್ಲ.

ಅದು ನಮ್ಮದೇ ಪುಡಿ. ಅಕ್ಕನ ಗಂಡ, ಅಂದರೆ ಭಾವ, ನಡೆಸುವ ಕಾರ್ಖಾನೆಯದು. ಇವರು ಅಲ್ಲಿ ಖರೀದಿ ನೋಡಿಕೊಳ್ಳುತ್ತಾರೆ, ನಾನು ಪ್ರಯೋಗಾಲಯ. ಮೂಟೆಯಲ್ಲಿ ಬರುವ ಪುಡಿಯನ್ನು ನಾನು ಪರೀಕ್ಷಿಸಿ ಸಹಿ ಹಾಕಿದರೆ ಮಾತ್ರ ಅದು ಡಬ್ಬಿಗೆ ಹೋಗುವುದು. ಎರಡು ಮನೆಯ ಒಲೆಯೂ ಒಂದೇ ಡಬ್ಬಿಯಿಂದ ಉರೀತಿದೆ ಎಂದು ಅಕ್ಕ ತಮಾಷೆ ಮಾಡುತ್ತಾಳೆ.

ಸಾರಜನಕ ಅಳೆಯುವ ಯಂತ್ರ ಇವತ್ತು ಮಧ್ಯಾಹ್ನ ಕೈಕೊಟ್ಟಿತು. ರಿಪೇರಿಯವನು ಮುಚ್ಚಳ ಬಿಚ್ಚಿ ನೋಡಿ, ಕಾಯಿಸುವ ಸುರುಳಿ ಸುಟ್ಟಿದೆ, ಹೊಸದು ಹೊರಗಿನಿಂದ ಬರಬೇಕು ಎಂದ. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಬೇಕಾದ ಬ್ಯಾಚು ಪರೀಕ್ಷೆಗೆ ಕಾದು ಕೂತಿದೆ.

ಫೆಬ್ರವರಿ 6, ಗುರುವಾರ

ಭಾವ ಪ್ರಯೋಗಾಲಯಕ್ಕೇ ಬಂದರು. "ಏನ್ ಲಿಟ್ಮಸ್, ನಿನ್ ಯಂತ್ರಕ್ಕೂ ರಜೆ ಬೇಕಂತೆ?" ನನ್ನ ಮದುವೆಯ ದಿನದಿಂದ ಅವರು ನನ್ನನ್ನು ಕರೆಯುವುದೇ ಹಾಗೆ. ಏನು ಹೇಳಿದರೂ ನನ್ನ ಮುಖ ಕೆಂಪಾಗುತ್ತದಂತೆ.

ಸರಬರಾಜುದಾರ ಕಳಿಸಿದ ಪ್ರಮಾಣಪತ್ರ ನೋಡಿ ಸಹಿ ಹಾಕಿಬಿಡು ಎಂದರು. ಪರೀಕ್ಷಿಸದೆ ಹೇಗೆ ಹಾಕಲಿ ಎಂದೆ. "ನಿನ್ನ ಗಂಡನೇ ಹುಡುಕಿದ ಸರಬರಾಜುದಾರ ಕಣಮ್ಮ, ನಂಬಲ್ವಾ?" ಎಂದು ನಕ್ಕರು. ನಾನೂ ನಕ್ಕೆ. ಎರಡು ದಿನ ಕೊಡಿ ಭಾವ, ಏನಾದರೂ ದಾರಿ ನೋಡುತ್ತೇನೆ ಎಂದೆ. ಬಾಗಿಲಲ್ಲಿ ನಿಂತು, "ಜಾಸ್ತಿ ತಲೆ ಕೆಡಿಸ್ಕೋಬೇಡ," ಎಂದು ಹೋದರು. ಕಾರ್ಖಾನೆಯ ಚಿಂತೆಯ ನಡುವೆಯೂ ನನ್ನ ತಲೆಯ ಚಿಂತೆ ಅವರಿಗೆ.

ಫೆಬ್ರವರಿ 11, ಮಂಗಳವಾರ

ಯಂತ್ರವಿಲ್ಲದಿದ್ದರೆ ಏನಂತೆ, ಹಳೆಯ ಪರೀಕ್ಷೆ ಇದೆಯಲ್ಲ. ಇಷ್ಟು ದಿನ ಹೊಳೆಯಲೇ ಇಲ್ಲ ನೋಡಿ.

ಗ್ಲುಟಮಿನ್‌ಗೆ ಕಾಸ್ಟಿಕ್ ಸೋಡಾದ ದ್ರಾವಣ ಹಾಕಿ ಬಿಸಿ ಮಾಡಿದರೆ ಅದರ ಅಣುವಿನ ಬಾಲದ ತುದಿ ಮುರಿದು ಅಮೋನಿಯಾ ಹೊರಬರುತ್ತದೆ. ನಳಿಗೆಯ ಬಾಯಿಗೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದರೆ ನೀಲಿಯಾಗುತ್ತದೆ. ಕಾಗದವೂ ಬೇಕಿಲ್ಲ, ಮೂಗೇ ಹೇಳುತ್ತದೆ. ಬೇರೆ ಅಮೈನೋ ಆಮ್ಲಗಳು ಬಹುತೇಕ ಅಷ್ಟು ಬಿಸಿಗೆ ಜಗ್ಗುವುದಿಲ್ಲ, ಕ್ಷಾರದಲ್ಲಿ ಕರಗಿ ಸುಮ್ಮನೆ ಕೂರುತ್ತವೆ. ನಾನು ಕೆಲಸಕ್ಕೆ ಸೇರಿದಾಗ ಪ್ರತಿ ಮೂಟೆಗೂ ಇದನ್ನೇ ಮಾಡುತ್ತಿದ್ದೆವು.

ಇವರ ಪರಿಚಯವಾದದ್ದೂ ಅದರಿಂದಲೇ. ಖರೀದಿ ಕೋಣೆ ಪಕ್ಕದ್ದು, ನಡುವೆ ಹಲಗೆಯ ಗೋಡೆ. ಒಂದು ದಿನ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲು ಬಡಿದು, "ಏನ್ರೀ ಇದು, ಗಂಡಸರ ಪಾಯಖಾನೆ ಎಲ್ಲಿ ಅಂತ ಹೊಸಬರು ಕೇಳೋದೇ ಬೇಡ, ನಿಮ್ಮ ಬಾಗಿಲಿಗೆ ಬಂದ್ರೆ ಸಾಕು," ಎಂದರು. ನಾನು ನಳಿಗೆಯನ್ನು ಅವರ ಮೂಗಿನ ಕೆಳಗೇ ಹಿಡಿದೆ. ಕಣ್ಣಲ್ಲಿ ನೀರು ಬಂದು ಅಲ್ಲೇ ಕುರ್ಚಿಯಲ್ಲಿ ಕೂತರು. ಆಮೇಲೆ ದಿನಾ ಯಾವುದಾದರೂ ನೆಪದಲ್ಲಿ ಬರತೊಡಗಿದರು.

ಹೋದ ವರ್ಷ ಇವರಿಗೆ ತಲೆನೋವು ಶುರುವಾಯಿತು. ಆ ವಾಸನೆಗೇ ಬರುತ್ತದೆ, ಒಮ್ಮೆ ಬಂದರೆ ಸಂಜೆಯವರೆಗೆ ಬಿಡುವುದಿಲ್ಲ ಎಂದರು. ಆಗಷ್ಟೇ ಭಾವ ಸಾರಜನಕದ ಯಂತ್ರ ತರಿಸಿದ್ದರು. ಯಂತ್ರವಿರುವಾಗ ಈ ನಾತ ಯಾಕೆ ಎಂದು ನಾನೇ ಪರೀಕ್ಷೆ ನಿಲ್ಲಿಸಿದೆ. ಇವರ ತಲೆನೋವೂ ನಿಂತಿತು.

ಊಟಕ್ಕೆ ಕೂತಾಗ ಹೇಳಿದೆ. ಇವರು ತುತ್ತು ಹಿಡಿದುಕೊಂಡೇ, "ಮತ್ತೆ ಆ ದರಿದ್ರ ವಾಸನೇನಾ?" ಎಂದರು.

"ನೀವು ಆಫೀಸಲ್ಲೇ ಇಲ್ವಲ್ಲ, ಯಾರಿಗೆ ತಲೆನೋವು?"

"ಅಲ್ಲ ಕಣೇ, ನಿಮ್ ಭಾವ ಹೇಳಿದ ಹಾಗೆ ಸಹಿ ಹಾಕಿದ್ರೆ ಮುಗೀತಪ್ಪ. ಸುಮ್ನೆ ಯಾಕೆ ಹಳೇದೆಲ್ಲ ಕೆದಕ್ತೀಯಾ?"

ಬ್ಯಾಚು ತಡವಾದರೆ ಆಸ್ಪತ್ರೆಯ ವಹಿವಾಟು ಕೈತಪ್ಪುತ್ತದೆಂಬ ಭಯ ಇವರಿಗೆ. ಮಲಗಿದಲ್ಲೇ ಕಂಪನಿಯ ಚಿಂತೆ ಮಾಡುತ್ತಾರೆ.

ಫೆಬ್ರವರಿ 12, ಬುಧವಾರ

ಕಾಗದ ಕೆಂಪಾಗಿಯೇ ಉಳಿಯಿತು.

ಕಾಸ್ಟಿಕ್ ಸೋಡಾ ಹಳೆಯದಿರಬೇಕು ಎಂದುಕೊಂಡು ಹೊಸ ಬಾಟಲಿ ತೆರೆದೆ. ಕೆಂಪು. ಲಿಟ್ಮಸ್ ಕೆಟ್ಟಿರಬೇಕೆಂದು ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿದೆ, ತಕ್ಷಣ ನೀಲಿಯಾಯಿತು. ಕಾಗದದ ತಪ್ಪಲ್ಲ. ದ್ರಾವಣ ಸಾಕಷ್ಟು ಕಾದಿಲ್ಲವೇನೋ ಎಂದು ಇನ್ನಷ್ಟು ಕಾಯಿಸಿದೆ. ಕೆಂಪು.

ನನ್ನ ಕೈಕೆಳಗಿನ ಹುಡುಗಿಗೆ ಎಲ್ಲರೂ ಪಿಪೆಟ್ ಎನ್ನುತ್ತಾರೆ. ಉದ್ದಕ್ಕೆ, ಸಣ್ಣಕ್ಕೆ, ಗಾಜಿನ ಕೊಳವೆಯ ಹಾಗೇ ಇದ್ದಾಳೆ. ಅವಳು ಸೇರಿದ್ದು ಯಂತ್ರ ಬಂದ ಮೇಲೆ, ಈ ಪರೀಕ್ಷೆ ನೋಡಿದವಳಲ್ಲ. "ಮೇಡಂ, ಏನೂ ಆಗದೇ ಇರೋದೇ ಈ ಟೆಸ್ಟಾ?" ಎಂದಳು.

ಮಾದರಿ ಕಪಾಟಿನಿಂದ ಹಳೆಯ ಶೀಶೆಯೊಂದನ್ನು ತೆಗೆದೆ. ಪ್ರತಿ ಬ್ಯಾಚಿನಿಂದಲೂ ಒಂದು ಶೀಶೆ ತುಂಬಿ ಮೊಹರು ಮಾಡಿ ಇಡುವುದು ನಮ್ಮ ಪದ್ಧತಿ. ಅದನ್ನು ಕಾಯಿಸಿದ್ದೇ ತಡ, ಪಿಪೆಟ್ ಕೆಮ್ಮುತ್ತಾ ಕಿಟಕಿಗೆ ಓಡಿದಳು. ಕಾಗದ ನೀಲಿ. ಮೂಗಿನಲ್ಲಿ ಸೂಜಿ ಚುಚ್ಚಿದಂಥ ಆ ಹಳೆಯ ವಾಸನೆ.

ಮತ್ತೆ ಹೊಸ ಬ್ಯಾಚು. ಕೆಂಪು.

ಫೆಬ್ರವರಿ 13, ಗುರುವಾರ

ಇಡೀ ದಿನ ಕಪಾಟಿನ ಶೀಶೆಗಳನ್ನೇ ಸಾಲಾಗಿ ಪರೀಕ್ಷಿಸಿದೆ. ಹೋದ ವರ್ಷದ ಬೇಸಿಗೆಯವರೆಗಿನದೆಲ್ಲ ಚಟ್ಟನೆ ನೀಲಿ. ಆಮೇಲಿನ ಕೆಲವು ತಡವಾಗಿ, ಅಂಚಿನಿಂದ ಮೆಲ್ಲಗೆ ನೀಲಿಯಾದವು. ಅದರ ನಂತರದ್ದೆಲ್ಲ ಕೆಂಪು. ಅಂದರೆ ಮೊದಲು ಬೆರೆಸಿದ್ದಾರೆ, ಆಮೇಲೆ ಬೆರೆಸುವ ಶ್ರಮವನ್ನೂ ಬಿಟ್ಟಿದ್ದಾರೆ.

ಯಂತ್ರ ಯಾಕೆ ಹಿಡಿಯಲಿಲ್ಲ ಎನ್ನುವುದು ಲೆಕ್ಕ ಹಾಕಿದಾಗ ತಿಳಿಯಿತು. ಯಂತ್ರ ನೋಡುವುದು ಸಾರಜನಕ ಎಷ್ಟಿದೆ ಎಂದು ಮಾತ್ರ, ಅದು ಯಾರ ಮನೆಯದು ಎಂದು ಕೇಳುವುದಿಲ್ಲ. ಗ್ಲುಟಮಿನ್‌ನಲ್ಲಿ ನೂರಕ್ಕೆ ಹತ್ತೊಂಬತ್ತರ ಸುಮಾರು. ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲದಲ್ಲಿ ಹದಿನೆಂಟೂಮುಕ್ಕಾಲಿನ ಹತ್ತಿರ. ನಮ್ಮ ಮಿತಿ ಹದಿನೆಂಟೂವರೆಯಿಂದ ಹತ್ತೊಂಬತ್ತೂವರೆ. ಅಂಕಿ ಸ್ವಲ್ಪ ಕೆಳಗಿಳಿದದ್ದನ್ನು ನಾನೂ ನೋಡಿದ್ದೆ. ಹವೆಯ ತೇವ ಎಂದುಕೊಂಡಿದ್ದೆ.

ಗ್ಲೈಸಿನ್ ಸಿಹಿ. ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗಿಡಬಾರದು ಎಂದು ಬೋರ್ಡು ಬರೆಸಿದವಳು ನಾನೇ, ಹಾಗಾಗಿ ಮನೆಗೆ ಬಂದು ನಮ್ಮ ಡಬ್ಬಿಯಿಂದ ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಸಿಹಿ. ಡಬ್ಬಿಯ ಮೇಲೆ ಹಸಿರು ಅಕ್ಷರದಲ್ಲಿ ಬರೆದಿದೆ: 'ಈಗ ಸುಧಾರಿಸಿದ ರುಚಿಯಲ್ಲಿ, ಸಕ್ಕರೆ ಸೇರಿಸಿಲ್ಲ.' ಸಕ್ಕರೆ ಸೇರಿಸಿಲ್ಲ ಎನ್ನುವುದು ನಿಜವೇ.

"ಇದು ಇಷ್ಟು ಸಿಹಿ ಇದೆ, ನೀವು ಒಂದಿನಾನೂ ಹೇಳಲೇ ಇಲ್ವಲ್ಲ?" ಎಂದು ಇವರನ್ನು ಕೇಳಿದೆ.

"ಸಿಹಿನಾ? ನಂಗೇನೂ ಗೊತ್ತಾಗ್ಲಿಲ್ಲ."

ಶಸ್ತ್ರಚಿಕಿತ್ಸೆಯ ಔಷಧಿಗೆ ನಾಲಿಗೆ ಕೆಟ್ಟಿರುತ್ತದೆ. ಪಾಪ, ಇಷ್ಟು ತಿಂಗಳು ನಾನೇ ಕೈಯಾರೆ ಸುಳ್ಳು ಪುಡಿ ಕದಡಿ ಕೊಟ್ಟೆ. ಕಾಲು ತುಂಬದ್ದಕ್ಕೆ ಪುಡಿ ಒಂದೇ ಕಾರಣವಲ್ಲ ಎಂದು ಗೊತ್ತು, ಆದರೂ ಆ ಜೋಲುವ ಪ್ಯಾಂಟು ನೋಡಲಾಗಲಿಲ್ಲ. ಭಾವನಿಗೆ ನಾಳೆ ಹೇಳಬೇಕು. ಸರಬರಾಜುದಾರ ಅವರಿಗೆ ಎಂಥ ಟೋಪಿ ಹಾಕಿದ್ದಾನೆ! ಎದೆ ಒಡೆದುಕೊಳ್ಳುತ್ತಾರೆ.

ಫೆಬ್ರವರಿ 14, ಶುಕ್ರವಾರ

ಭಾವ ಎದೆ ಒಡೆದುಕೊಳ್ಳಲಿಲ್ಲ. ಎದ್ದು ಬಾಗಿಲು ಹಾಕಿದರು.

ಎರಡು ಕಾಗದಗಳನ್ನೂ, ನೀಲಿಯದನ್ನು ಮತ್ತು ಕೆಂಪಿನದನ್ನು, ಮೇಜಿನ ಮೇಲೆ ಇಟ್ಟಿದ್ದೆ. ಅವುಗಳ ಕಡೆ ನೋಡಲೂ ಇಲ್ಲ. "ಯಾರ್ ಹೇಳಿದ್ರು ನಿಂಗೆ ಇದನ್ನ ಮಾಡು ಅಂತ?"

"ಯಂತ್ರ ಕೆಟ್ಟಿತ್ತಲ್ಲ ಭಾವ."

"ಯಂತ್ರ ಕೆಟ್ರೆ ಯಂತ್ರ ರಿಪೇರಿ ಮಾಡಿಸ್ಬೇಕು. ಕಾನೂನು ಕೇಳೋದು ಸಾರಜನಕದ ಅಂಕಿ. ಅಂಕಿ ಸರಿ ಇದೆ ಇಲ್ವೋ?"

"ಅಂಕಿ ಸರಿ ಇದೆ. ಪುಡಿ ಸರಿ ಇಲ್ಲ."

"ಗ್ಲೈಸಿನ್ ತಿಂದು ಯಾರಾದ್ರೂ ಸತ್ತಿದ್ದು ಕೇಳಿದ್ಯಾ? ಅದೂ ಅಮೈನೋ ಆಮ್ಲಾನೇ ತಾನೆ? ಎಲ್ಲರೂ ಮಾಡ್ತಾರಮ್ಮ. ನಾವು ಮಾತ್ರ ಹರಿಶ್ಚಂದ್ರನ ಮೊಮ್ಮಕ್ಕಳಾ?" ಆಮೇಲೆ ದನಿ ತಗ್ಗಿಸಿ, "ನೀನು ಹೊರಗಿನವಳಲ್ಲ. ನೀನು ಹೇಳಿದ್ದು ಈ ಕೋಣೇಲೇ ಇರ್ಲಿ. ಸೋಮವಾರ ಬ್ಯಾಚ್ ಹೋಗ್ಬೇಕು," ಎಂದರು. ಇವತ್ತು ಲಿಟ್ಮಸ್ ಎಂದು ಕರೆಯಲಿಲ್ಲ.

ಅರ್ಧ ದಿನ ರಜೆ ಬರೆದಿಟ್ಟು ಮಧ್ಯಾಹ್ನವೇ ಮನೆಗೆ ಬಂದೆ. ಇವರು ಅಡುಗೆಮನೆಯ ಸಿಂಕಿನ ಮುಂದೆ ಊರುಗೋಲಿಗೆ ಒರಗಿ ನಿಂತಿದ್ದರು. ಬೆಳಿಗ್ಗೆ ರೂಢಿಯಂತೆ ನಾನೇ ಕದಡಿಟ್ಟು ಹೋಗಿದ್ದ ಪುಡಿಯ ಲೋಟ ಬಾಗಿಸಿ, ನಲ್ಲಿ ತಿರುಗಿಸಿ, ನೀರು ಸುತ್ತ ಬಿಟ್ಟು, ಬೆರಳಿನಿಂದ ಲೋಟದ ಒಳಗನ್ನು ಒರೆಸಿದರು. ಎಷ್ಟೋ ಸಲ ಮಾಡಿದ ಕೈ. ತಿರುಗಿ ನನ್ನನ್ನು ಕಂಡು ಬೆಚ್ಚಿದರು. "ಅಯ್ಯೋ, ಬೇಗ ಬಂದ್ಯಾ? ಆರಿ ಹೋಗಿತ್ತು, ಅದಕ್ಕೆ ಚೆಲ್ಲಿದೆ."

ಸಿಹಿ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ನನಗೆ ಬೇಸರವಾಗಬಾರದೆಂದು ಹೇಳಿರಲಿಕ್ಕಿಲ್ಲ.

ಫೆಬ್ರವರಿ 15, ಶನಿವಾರ

ಬೆಳಿಗ್ಗೆ ನೀರು ಬಿಸಿಗಿಟ್ಟು, ಚಮಚ ಕೈಯಲ್ಲಿ ಹಿಡಿದು, ಡಬ್ಬಿಯ ಮುಚ್ಚಳ ತೆಗೆದು ನಿಂತೆ. ಕೈ ತನ್ನಷ್ಟಕ್ಕೆ ಆ ಕೆಲಸಕ್ಕೆ ಹೊರಟಿತ್ತು. ಆಗ ಹೊಳೆಯಿತು.

ಗೊತ್ತಿಲ್ಲದವರು ಕುಡಿಯುತ್ತಾರೆ. ಇಷ್ಟವಿಲ್ಲದವರು ಬೇಡ ಎನ್ನುತ್ತಾರೆ. ಇಷ್ಟವಿಲ್ಲದ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ ಹತ್ತು ಮಾತಾಡುವ ಮನುಷ್ಯ ಇವರು. ಇದನ್ನು ಮಾತ್ರ ದಿನವೂ ಕದ್ದು ಸಿಂಕಿಗೆ ಸುರಿದು ಲೋಟ ತೊಳೆದಿಟ್ಟಿದ್ದಾರೆ.

ಒಲೆ ಆರಿಸಿ ಕೋಣೆಗೆ ಹೋದೆ. ನಿಧಾನವಾಗಿಯೇ ಕೇಳಿದೆ. "ನಿಮಗೆ ಗೊತ್ತಿತ್ತು, ಅಲ್ವಾ?"

"ಏನು?"

"ಪುಡಿ."

ಅವರು ಕಿಟಕಿ ನೋಡಿದರು. ಊರುಗೋಲನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡರು. ಕೊನೆಗೆ, "ನಿಮ್ ಭಾವ ಹೇಳಿದ್ರು, ನಾನು ತರಿಸಿದೆ. ಕೆಲಸ ಅಂದ್ಮೇಲೆ ಹೇಳಿದ್ದು ಮಾಡ್ಬೇಕಲ್ಲ," ಎಂದರು.

"ಅದು ತಿಂದ್ರೆ ಏನೂ ಆಗಲ್ಲ ಅಂತಾರೆ ಭಾವ."

"ಹೌದು, ಏನೂ ಆಗಲ್ಲ."

"ಮತ್ತೆ ಸಿಂಕಿಗೆ ಯಾಕೆ ಸುರೀತಿದ್ರಿ?"

ಹೊದಿಕೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡರು.

"ಏಣಿ ಮೇಲೆ ಏನ್ ಮಾಡ್ತಿದ್ರಿ?" ಖರೀದಿಯವರಿಗೆ ಗೋದಾಮಿನ ಏಣಿಯಲ್ಲಿ ಏನು ಕೆಲಸ ಎಂದು ಆಸ್ಪತ್ರೆಯಲ್ಲೇ ಕೇಳಿದ್ದೆ. ಮೂಟೆ ನೋಡುತ್ತಿದ್ದೆ ಎಂದಿದ್ದರು.

"ಚೀಟಿ ಬದಲಾಯಿಸ್ತಿದ್ದೆ. ಗ್ಲೈಸಿನ್ ಅಂತ ಇದ್ದಿದ್ದನ್ನ ಕಿತ್ತು…"

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಬಾರದು ಎಂದೂ ಅನ್ನಿಸಿತು. ಕೇಳಿದೆ.

"ಹೋದ ವರ್ಷದ ತಲೆನೋವು?"

ಅವರು ನನ್ನ ಮುಖ ನೋಡಿದರು, ಆಮೇಲೆ ಊರುಗೋಲಿನ ರಬ್ಬರು ಬಿರಡೆಯನ್ನು ತಿರುಗಿಸುತ್ತಾ ಕೂತರು.

ಆ ದಿನಗಳಲ್ಲಿ ಒದ್ದೆ ಬಟ್ಟೆ ಹಣೆಗೆ ಹಾಕಿ, ದೀಪ ಆರಿಸಿ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಕಾಲ್ಬೆರಳ ಮೇಲೆ ನಡೆಯುತ್ತಿದ್ದೆ, ಸದ್ದಾಗಬಾರದೆಂದು. ಪುಡಿಯ ವಿಷಯ ಇರಲಿ. ಆ ಒದ್ದೆ ಬಟ್ಟೆ.

ಫೆಬ್ರವರಿ 16, ಭಾನುವಾರ

ಅಕ್ಕ ಬಂದಿದ್ದಳು. ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು. "ಏನೇ, ನಿನ್ ಭಾವನ್ನ ಜೈಲಿಗೆ ಕಳಿಸೋ ಪ್ಲ್ಯಾನ್ ಹಾಕಿದ್ದೀಯಂತೆ?"

ಸೋಮವಾರದ ಬ್ಯಾಚಿಗೆ ಸಹಿ ಹಾಕುವುದಿಲ್ಲ ಎಂದಷ್ಟೇ ನಿನ್ನೆ ಫೋನಿನಲ್ಲಿ ಅವರಿಗೆ ಹೇಳಿದ್ದು ಎಂದೆ.

"ನಿಂಗೆ ಕೆಲಸ ಕೊಟ್ಟೋರು ಯಾರು? ನಿನ್ ಗಂಡನ ಆಸ್ಪತ್ರೆ ಖರ್ಚು ನೋಡಿದೋರು ಯಾರು? ಕಾಲು ಮುರಿದಾಗ ನನ್ ಗಂಡ ರಾತ್ರಿಯೆಲ್ಲಾ ಆಸ್ಪತ್ರೆ ಬೆಂಚ್ ಮೇಲೆ ಕೂತಿದ್ರು, ಮರೆತ್ಯಾ?"

ಮರೆತಿಲ್ಲ. ಯಾಕೆ ಕೂತಿದ್ದರು ಎಂಬುದು ಈಗ ಬೇರೆ ತರಹ ಕಾಣುತ್ತಿದೆ, ಅಷ್ಟೇ. ಅದನ್ನು ಅವಳಿಗೆ ಹೇಳಲಿಲ್ಲ. "ಅಕ್ಕ, ಅದು ಹೋಗ್ತಿರೋದು ಮೈ ಸುಟ್ಕೊಂಡು ಮಲಗಿರೋರಿಗೆ. ಡಬ್ಬಿ ಮೇಲಿರೋದನ್ನ ನಂಬಿ ಕೊಡ್ತಾರೆ."

"ನಾನೇನು ಕೆಮಿಸ್ಟ್ರಿ ಓದಿದ್ದೀನಾ? ನಮ್ಮನೇಲಿ ಯಾರೂ ಆ ಪುಡಿ ಮುಟ್ಟೋದೇ ಇಲ್ಲ. ಮಕ್ಕಳು ಆಟ ಆಡಿ ಬಂದ್ರೂ ನಿನ್ ಭಾವ ಕೊಡ್ಬೇಡ ಅಂತಾರೆ."

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ನಾನು ಟೀ ಮಾಡಲು ಎದ್ದೆ. ಬೇಡ ಎಂದು ಹೊರಟುಹೋದಳು. ಬಾಗಿಲಲ್ಲಿ ತಿರುಗಿ, "ಯಾವತ್ತೂ ನಿಂಗೆ ನಾನೇ ಜಡೆ ಹಾಕ್ತಿದ್ದೆ," ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ.

ಫೆಬ್ರವರಿ 17, ಸೋಮವಾರ

ಸಹಿ ಹಾಕುವುದಿಲ್ಲ ಎಂದು ಮಾಲೀಕರಿಗೆ (ಭಾವ ಎಂದು ಬರೆಯಲು ಕೈ ಬರುತ್ತಿಲ್ಲ) ಎದುರಲ್ಲೇ ಹೇಳಿದೆ. "ಆಯ್ತು ಬಿಡಮ್ಮ," ಎಂದರು, ಅಷ್ಟು ಸುಲಭವಾಗಿ. ಆಗಲೇ ಅನುಮಾನ ಬರಬೇಕಿತ್ತು.

ಊಟ ಮುಗಿಸಿ ಬರುವಾಗ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಸುಟ್ಟಗಾಯದ ವಾರ್ಡಿನ ಪೆಟ್ಟಿಗೆಗಳೇ. ಮೇಲೆ ಬಂದು ಪಿಪೆಟ್‌ಳನ್ನು ಕೇಳಿದೆ. ಅವಳು ಒಣಗಿದ ನಳಿಗೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ಸಹಿ ನಾನೇ ಹಾಕಿದೆ ಮೇಡಂ."

"ನೀನು ಕಣ್ಣಾರೆ ನೋಡಿದ್ಯಲ್ಲೇ. ಕೆಮ್ಮಿಕೊಂಡು ಓಡಿದ್ಯಲ್ಲ."

"ನೋಡಿದೆ. ನೀವು ಅವರ ಮನೆಯವರು, ನಿಮ್ಮನ್ನ ಏನೂ ಮಾಡಲ್ಲ. ನಾನು ಯಾರು?" ಅಳುತ್ತಿರಲಿಲ್ಲ, ಕೋಪದಲ್ಲಿದ್ದಳು. "ಇನ್ನು ನಾನೇ ಮುಖ್ಯಸ್ಥೆ ಅಂದ್ರು. ನೀವು ಎರಡು ತಿಂಗಳು ರಜೆ ತಗೋತೀರಂತೆ. ನಿಮ್ಮ ಯಜಮಾನರನ್ನ ನೋಡ್ಕೊಳ್ಳೋಕೆ."

ನನ್ನ ರಜೆಯ ಸುದ್ದಿ ನನಗೆ ಹೀಗೆ ತಿಳಿಯಿತು. ನನ್ನ ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಲಿಟ್ಮಸ್ ಕಾಗದದ ಡಬ್ಬಿಯನ್ನೂ ಹಾಕಿಕೊಂಡೆ. ಅದು ಕಂಪನಿಯದು.

ಬಸ್ ನಿಲ್ದಾಣದಿಂದ ಆಸ್ಪತ್ರೆಯ ಆಹಾರ ತಜ್ಞೆಗೆ ಫೋನು ಮಾಡಿದೆ. ಪ್ರತಿ ಬ್ಯಾಚು ಬಂದಾಗಲೂ ಸಂಶಯ ಕೇಳಲು ನನಗೆ ಫೋನು ಮಾಡುತ್ತಿದ್ದಾಕೆ, ಒಬ್ಬರ ಮುಖ ಒಬ್ಬರು ಎಂದೂ ನೋಡಿದವರಲ್ಲ. ರೋಗಿಗಳಿಗೆ ಇನ್ನೂ ಕೊಡಬೇಡಿ, ಒಂದು ಡಬ್ಬಿಯ ಪುಡಿಯನ್ನು ನಿಮ್ಮ ಪ್ರಯೋಗಾಲಯದಲ್ಲಿ ಕಾಸ್ಟಿಕ್ ಸೋಡಾದ ಜೊತೆ ಕಾಯಿಸಿ ಕೆಂಪು ಲಿಟ್ಮಸ್ ಹಿಡಿಯಿರಿ ಎಂದೆ.

"ನೀಲಿ ಆಗ್ಬೇಕಾ?"

"ನಿಜವಾದ ಗ್ಲುಟಮಿನ್ ಆದ್ರೆ ಆಗ್ಬೇಕು."

"ಮತ್ತೆ ಹಿಂದಿನದಕ್ಕೆಲ್ಲ ನೀವೇ ಸಹಿ ಹಾಕಿದ್ರಲ್ಲ?"

"ಹಾಕಿದ್ದೆ. ಯಂತ್ರ ನಂಬಿದ್ದೆ." ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದೆ. ಬಸ್ಸು ಬಂತು.

ಫೆಬ್ರವರಿ 18, ಮಂಗಳವಾರ

ಯಾರ ಫೋನೂ ಇಲ್ಲ. ಅವರು ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ.

ಫೆಬ್ರವರಿ 24, ಸೋಮವಾರ

ಆಸ್ಪತ್ರೆಯವರು ಎಲ್ಲ ಪೆಟ್ಟಿಗೆಗಳನ್ನೂ ವಾಪಸು ಕಳಿಸಿದ್ದಾರೆ. ಸರ್ಕಾರಿ ತಪಾಸಣೆಯವರು ಬಂದು ಪ್ಯಾಕಿಂಗ್ ಕೋಣೆಗೆ ಬೀಗ ಜಡಿದು ಮೊಹರು ಹಾಕಿದರಂತೆ. ಮಾದರಿ ಕಪಾಟನ್ನು ಹಾಗೇ ಎತ್ತಿಕೊಂಡು ಹೋಗಿದ್ದಾರೆ. ನನ್ನನ್ನೂ ಕರೆಸಿದ್ದರು. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂತೆ ಉತ್ತರಿಸಿದೆ. ಖರೀದಿ ಯಾರದು ಎಂದು ಕೇಳಿದರು. ನನ್ನ ಗಂಡನದು ಎಂದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದ.

ಆಹಾರ ತಜ್ಞೆ ಫೋನು ಮಾಡಿದ್ದಳು. ಧನ್ಯವಾದ ಹೇಳುತ್ತಾಳೇನೋ ಎಂದುಕೊಂಡೆ. "ಅದು ಮದ್ದಲ್ಲ, ಪೂರಕ, ಅದ್ರಿಂದ ಯಾರ ಜೀವಕ್ಕೂ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದ್ರು. ಆದ್ರೂ ನಾನು ಒಬ್ಬೊಬ್ಬರಿಗೂ ಇದು ಕುಡೀರಿ, ಕುಡೀರಿ ಅಂತ ಬಲವಂತ ಮಾಡಿ ಕುಡಿಸಿದೆನಲ್ಲ," ಎಂದಳು. ನನಗೂ ಹಾಗೇ ಎಂದೆ. ಆಮೇಲೆ, ನನ್ನ ಮನೆಯಲ್ಲಿ ಒಬ್ಬರು ಕುಡಿಯಲಿಲ್ಲ ಎಂದು ನೆನಪಾಯಿತು.

ಸಂಜೆ ಊರುಗೋಲೂರಿಕೊಂಡು ಅಡುಗೆಮನೆಗೆ ಬಂದು ಅವನು ಕೇಳಿದ, "ನನ್ ಹೆಸರೂ ಹೇಳಿದ್ಯಾ?"

"ಕೇಳಿದ್ರು, ಹೇಳಿದೆ."

"ಒಂದ್ ಮಾತು ನಂಗೆ ಹೇಳಬಹುದಿತ್ತು."

ಹೊಟ್ಟೆ ಹುಣ್ಣಾಗುವಷ್ಟು ನಗಬೇಕಾದ ಮಾತು ಅದು. ನಗು ಬರಲಿಲ್ಲ.

ಮಾರ್ಚ್ 3, ಸೋಮವಾರ

ಅಕ್ಕನ ಫೋನು. ನಿನ್ನ ಮದುವೆಯ ಫೋಟೊಗಳನ್ನು ಗೋಡೆಯಿಂದ ತೆಗೆದಿದ್ದೇನೆ, ನನಗೆ ತಂಗಿ ಇಲ್ಲ ಎಂದಳು. ಮನೆಯಿಂದಲೇ ಮಾತಾಡುತ್ತಿದ್ದೇನೆ ಎಂದಳು, ಆದರೆ ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

ಅವನ ಕಾಲಿಗೆ ಪುಡಿ ಈಗಲೂ ಬೇಕು ಎಂದು ವ್ಯಾಯಾಮದವಳು ಹೇಳಿದಳು. ಔಷಧಿ ಅಂಗಡಿಗೆ ಹೋಗಿ ಬೇರೆ ಕಂಪನಿಯ ಗ್ಲುಟಮಿನ್ ಕೇಳಿದೆ. ಡಬ್ಬಿಯ ಮೊಹರನ್ನು ಬೆಳಕಿಗೆ ಹಿಡಿದು ನೋಡಿದೆ. "ಒಳ್ಳೇ ಮಾಲು ಮೇಡಂ, ನಮ್ಮನೇಲೂ ಇದೇ," ಎಂದಳು ಅಂಗಡಿಯವಳು. ಕೆಟ್ಟ ಮಾಲು ಎಂದು ಯಾರು ಮಾರುತ್ತಾರೆ? ಅವಳ ಮನೆ ಎಲ್ಲಿ ಎಂದು ಕೇಳಿದೆ. ವಿಚಿತ್ರವಾಗಿ ನೋಡಿದಳು.

ವ್ಯಾಯಾಮದವಳು ಹೋದ ಮೇಲೆ ಅವಳ ಟೇಪನ್ನು ನಮ್ಮ ಸ್ಕೇಲಿನ ಪಕ್ಕ ಇಟ್ಟು ನೋಡಬೇಕಿತ್ತು ಎಂದು ಹೊಳೆಯಿತು. ಮುಂದಿನ ಸಲ.

ಮಾರ್ಚ್ 9, ಭಾನುವಾರ

ಎಷ್ಟೋ ದಿನಗಳ ಮೇಲೆ ಮನೆ ಶುಚಿ ಮಾಡಿದೆ. ಸಿಂಕಿನ ಕೊಳವೆ ಕಟ್ಟಿತ್ತು. ಅದಕ್ಕೆ ತಂದಿದ್ದ ಕಾಸ್ಟಿಕ್ ಸೋಡಾದಲ್ಲಿ ಸ್ವಲ್ಪ ಉಳಿದಿತ್ತು.

ಕಿಟಕಿಗಳನ್ನೆಲ್ಲ ತೆರೆದು, ಕೈಗವಸು ಹಾಕಿ, ಕೋಟು ತೊಟ್ಟೆ. ಕೋಟಿನ ಜೇಬಿನಲ್ಲಿ ಒಂದು ನಳಿಗೆ ಹಾಗೇ ಉಳಿದಿತ್ತು. ಹೊಸ ಡಬ್ಬಿಯಿಂದ ಚಿಟಿಕೆ ಪುಡಿ, ದ್ರಾವಣ, ಬಿಸಿನೀರಿನ ಪಾತ್ರೆ. ಒದ್ದೆ ಕಾಗದವನ್ನು ಬಾಯಿಗೆ ಹಿಡಿದು ಕಾದೆ. ಒಂದು ಅಂಚು ಮಂಕಾಯಿತು, ಆಮೇಲೆ ನೋಡನೋಡುತ್ತಲೇ ಇಡೀ ಕಾಗದ ನೀಲಿಯಾಯಿತು. ಕಣ್ಣಿಗೆ ಖಾರ ಹತ್ತಿತು. ಅದೇ ವಾಸನೆ.

ಹಿಂದೆ ಊರುಗೋಲಿನ ಸದ್ದಾಯಿತು. ಅವನು ಬಾಗಿಲಲ್ಲಿ ನಿಂತಿದ್ದ. ಮೂಗಿಗೆ ಕೈ ಹಿಡಿದಿರಲಿಲ್ಲ.

"ತಲೆ ನೋಯ್ತಿದ್ಯಾ?" ಎಂದೆ.

ನನ್ನ ಕೈಯಲ್ಲಿದ್ದ ನೀಲಿ ಕಾಗದದ ಕಡೆ ನೋಡಿದ.

"ಇಲ್ಲ," ಎಂದ.

ಒಳಗೆ ಹೋಗಲಿಲ್ಲ. ತಾನೇ ಸ್ಟೀಲಿನ ಲೋಟ ತೆಗೆದು, ನೀರು ಬೆಚ್ಚಗೆ ಮಾಡಿಕೊಂಡು, ಹೊಸ ಡಬ್ಬಿಯಿಂದ ಎರಡು ಚಮಚ ಹಾಕಿ ಕದಡಿದ. ಚಮಚ ಎಲ್ಲಿದೆ ಎಂದು ಕೇಳಿದಾಗ ತೋರಿಸಿದೆ, ಎತ್ತಿ ಕೊಡಲಿಲ್ಲ. ನನ್ನೆದುರೇ ನಿಂತು ಗಟಗಟನೆ ಕುಡಿದ. "ಏನೂ ರುಚಿ ಇಲ್ಲ," ಎಂದು ಲೋಟವನ್ನು ಬೋರಲು ಹಿಡಿದು ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾದ. ಆಮೇಲೆ ಲೋಟ ಮೇಜಿನ ಮೇಲೆ ಇಟ್ಟು ನಿಧಾನವಾಗಿ ಕೋಣೆಗೆ ಹೋದ.

ಅವನು ಮಲಗಿದ ಸದ್ದು ಕೇಳಿದ ಮೇಲೆ, ಕುಡಿದದ್ದನ್ನು ಕಣ್ಣಾರೆ ನೋಡಿದ್ದರೂ, ಸಿಂಕಿನೊಳಗೆ ಬೆರಳಾಡಿಸಿ ನೋಡಿದೆ. ಒಣಗಿತ್ತು. ಬಚ್ಚಲನ್ನೂ ನೋಡಿ ಬಂದೆ.